ಎರಡು ಊರಿನ ವೀಳ್ಯ

ನಮ್ಮ ಸೀಮೆಯ ಹಳ್ಳಿಗಳಲ್ಲಿ ನಾಟಕ ಕಲಿಸುವುದಕ್ಕೆ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುವಾಗ ಕರಾರುಪತ್ರ ಬರೆಯುವ ವಾಡಿಕೆ ಇಲ್ಲ. ಊರಿನ ನಾಲ್ವರು ಹಿರಿಯರು ಕೂಡುತ್ತಾರೆ. ತಟ್ಟೆಯಲ್ಲಿ ಎಲೆ ಅಡಕೆಯನ್ನೂ ಅದರ ಮೇಲೆ ಮುಂಗಡದ ಹಣವನ್ನೂ ಇಡುತ್ತಾರೆ. ಮೇಷ್ಟ್ರು ಅದನ್ನು ಎರಡು ಕೈಯಲ್ಲೂ ಸ್ವೀಕರಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಲ್ಲಿಗೆ ಒಪ್ಪಂದ ಮುಗಿಯಿತು. ವೀಳ್ಯ ಹಿಡಿದ ಮೇಲೆ ಆ ರಾತ್ರಿ ಆ ಊರಿನ ಸೊತ್ತು. ಮಳೆ ಬರಲಿ, ಮೈಗೆ ಜ್ವರ ಬರಲಿ, ಮೇಷ್ಟ್ರ ಪೆಟ್ಟಿಗೆ ರಂಗದ ಮಗ್ಗುಲಲ್ಲಿ ಇರಲೇಬೇಕು. ಈ ಕಟ್ಟಳೆಯನ್ನು ಎಲ್ಲರೂ ಬಲ್ಲರು. ಆದ್ದರಿಂದಲೇ ಕಲಾವಿದನೊಬ್ಬನ ಮೇಲೆ ಹೊರಿಸಬಹುದಾದ ಅಪವಾದಗಳಲ್ಲಿ, ಅವನು ಒಂದೇ ರಾತ್ರಿಗೆ ಎರಡು ಊರಿನ ವೀಳ್ಯ ಹಿಡಿದನೆಂಬುದು ಸಣ್ಣದಲ್ಲ.

ಆದರೆ ಹಾಗೆ ಹಿಡಿಯುವವರೆಲ್ಲರೂ ದುರಾಸೆಯವರೆ? ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಿದರೆ, ಜನರನ್ನು ರಂಜಿಸುವ ವೃತ್ತಿಯಲ್ಲಿರುವ ಒಂದು ವಿಚಿತ್ರವಾದ ಕಷ್ಟ ಗೋಚರವಾಗುತ್ತದೆ. ಉಳಿದ ವೃತ್ತಿಗಳವರಿಗೆ ದುಡಿಮೆಯ ದಿನ ಬೇರೆ, ಬಿಡುವಿನ ದಿನ ಬೇರೆ. ರಂಜನೆಯ ವೃತ್ತಿಯವನಿಗಾದರೋ ಲೋಕದ ಬಿಡುವೇ ದುಡಿಮೆ. ಊರೆಲ್ಲ ಹಬ್ಬದೂಟ ಮಾಡಿ ಜಮಖಾನದ ಮೇಲೆ ಒರಗಿದಾಗ ಅವನ ಕೆಲಸ ಆರಂಭವಾಗುತ್ತದೆ. ಇಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಲೋಕಕ್ಕೆ ಬಿಡುವು ದೊರೆಯುವುದು ಎಲ್ಲರಿಗೂ ಒಂದೇ ದಿನ! ಶಿವರಾತ್ರಿ ವರ್ಷಕ್ಕೆ ಒಂದೇ, ಯುಗಾದಿ ಒಂದೇ, ಶ್ರೀರಾಮನವಮಿಯೂ ಒಂದೇ. ನಂದಿಯಲ್ಲಿ ಭೋಗನಂದೀಶ್ವರನ ತೇರು ಎಳೆಯುವ ಶಿವರಾತ್ರಿಯ ಕಾಲದಲ್ಲಿ, ಸುತ್ತಲಿನ ಎಷ್ಟು ಹಳ್ಳಿಗಳಲ್ಲಿ ಜಾಗರಣೆಗೆ ನಾಟಕ ಬೇಕು, ಭಜನೆ ಬೇಕು, ತಮಟೆ ಬೇಕು! ವಿದುರಾಶ್ವತ್ಥದ ಚೈತ್ರದ ಜಾತ್ರೆಯ ಹೊತ್ತಿಗೂ ಇದೇ ಮಾತು. ಹನ್ನೊಂದು ತಿಂಗಳು ಬಾಗಿಲು ತಟ್ಟದವರು ಒಂದೇ ವಾರದಲ್ಲಿ ಸಾಲುಗಟ್ಟಿ ಬಂದು ನಿಲ್ಲುತ್ತಾರೆ. ಮೇಷ್ಟ್ರ ಸಂಸಾರ ಆ ಒಂದು ವಾರದ ಸಂಪಾದನೆಯನ್ನು ನೆಚ್ಚಿಕೊಂಡು ಉಳಿದ ತಿಂಗಳುಗಳನ್ನು ನೂಕಬೇಕು. ಹೀಗಿರಲು ಎರಡನೆಯ ತಟ್ಟೆ ಎದುರಿಗೆ ಬಂದಾಗ ಕೈ ತಾನಾಗಿಯೇ ಮುಂದಕ್ಕೆ ಚಾಚಿದರೆ, ಅದನ್ನು ದುರಾಸೆಯೆಂದು ಕರೆಯುವ ಮುನ್ನ ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

ನಮ್ಮ ನಾಲ್ಕು ಪಟ್ಟಣಗಳ ಭೂಗೋಳವೂ ಈ ಕಷ್ಟಕ್ಕೆ ತನ್ನ ಪಾಲನ್ನು ಕೂಡಿಸಿದೆ. ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ಮೂರೂ ಒಂದೇ ರೈಲುದಾರಿಯ ಮೇಲಿವೆ. ಗೌರಿಬಿದನೂರು ಮಾತ್ರ ಬೇರೊಂದು ದಾರಿಯ ಮೇಲಿದೆ. ರೈಲನ್ನೇ ನಂಬಿ ಚಿಂತಾಮಣಿಯಿಂದ ಗೌರಿಬಿದನೂರಿಗೆ ಹೊರಟವನು ಯಲಹಂಕದವರೆಗೆ ಹೋಗಿ, ಅಲ್ಲಿ ಬಂಡಿ ಬದಲಾಯಿಸಿ, ಮತ್ತೆ ಉತ್ತರಕ್ಕೆ ತಿರುಗಬೇಕು. ಬೆಟ್ಟಗಳ ನಡುವೆ ಬಸ್ಸಿನ ದಾರಿ ಉಂಟು. ಆದರೆ ನಾಟಕ ಮುಗಿಯುವ ನಸುಕಿನಲ್ಲಿ, ಹಾರ್ಮೋನಿಯಂ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಹಳ್ಳಿಯ ಕೂಡುರಸ್ತೆಯಲ್ಲಿ ನಿಂತವನಿಗೆ ಆ ದಾರಿಯ ಉದ್ದ ನಕಾಶೆಯಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚು. ಇದರ ಮೇಲೆ ಭಾಷೆಯ ಪ್ರಶ್ನೆ. ಒಂದು ಊರಿನಲ್ಲಿ ಕನ್ನಡದ ಕುರುಕ್ಷೇತ್ರ ಬೇಕು. ನಾಲ್ಕು ಹರದಾರಿ ಆಚೆ ತೆಲುಗಿನ ಪದ್ಯಗಳೇ ಬೇಕು. ಒಬ್ಬನೇ ಮೇಷ್ಟ್ರು ಎರಡನ್ನೂ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿರಬೇಕು.

ಹಳ್ಳಿಯ ನಾಟಕವೆಂದರೆ ಏನೆಂಬುದನ್ನು ಅರಿಯದ ಪಟ್ಟಣದ ಓದುಗರಿಗಾಗಿ ಒಂದೆರಡು ಮಾತು. ಊರಿನ ಉತ್ಸಾಹಿಗಳು ಕೂಡಿ ಕುರುಕ್ಷೇತ್ರವನ್ನೋ ರಾಮಾಯಣವನ್ನೋ ಆಡಬೇಕೆಂದು ನಿಶ್ಚಯಿಸುತ್ತಾರೆ. ಪಾತ್ರಗಳನ್ನು ಹಂಚಿಕೊಳ್ಳುತ್ತಾರೆ. ಇಲ್ಲಿ ನಟನಿಗೆ ಸಂಬಳವಿಲ್ಲವೆಂಬುದಿರಲಿ, ನಟನೇ ಪಾತ್ರಕ್ಕೆ ಹಣ ಕೊಡುತ್ತಾನೆ! ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ದ್ವಾರಪಾಲಕನಿಗೆ ಇಷ್ಟು ಎಂದು ಪಾತ್ರದ ಗಾತ್ರಕ್ಕೆ ತಕ್ಕ ವಂತಿಗೆ. ಆ ಹಣದಿಂದ ಮೇಷ್ಟ್ರ ಸಂಭಾವನೆ, ಪರದೆ ಮತ್ತು ಉಡುಪಿನ ಬಾಡಿಗೆ, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ದೀಪ, ಧ್ವನಿವರ್ಧಕ ಇವೆಲ್ಲ ನಡೆಯಬೇಕು. ತಿಂಗಳುಗಟ್ಟಲೆ ರಾತ್ರಿಯ ತಾಲೀಮು. ಆಮೇಲೆ ಒಂದೇ ಒಂದು ರಾತ್ರಿಯ ಪ್ರಯೋಗ. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆರಳುಗಳು ಒರಟಾದ ರೈತನೊಬ್ಬ ಆ ಒಂದು ರಾತ್ರಿ ಕರ್ಣನಾಗುತ್ತಾನೆ. ಕಿರೀಟ ತೊಟ್ಟು, ತನ್ನ ಊರಿನವರ ಎದುರಿನಲ್ಲಿ, ತನ್ನ ಮಕ್ಕಳ ಎದುರಿನಲ್ಲಿ ನಿಲ್ಲುತ್ತಾನೆ. ಶ್ರುತಿ ಹಿಡಿಯಬೇಕಾದ ಮೇಷ್ಟ್ರು ಆ ರಾತ್ರಿ ಇನ್ನೊಂದು ಊರಿನಲ್ಲಿದ್ದರೆ ಅವನ ಪಾಲಿಗೆ ಒಂದು ವರ್ಷವೇ ಕೆಟ್ಟಿತು. ವೀಳ್ಯದ ಕಟ್ಟಳೆಯ ಬಿಗಿ ಎಲ್ಲಿಂದ ಬಂತೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮೇಷ್ಟ್ರಿಗೆ ಅದು ನೂರರಲ್ಲಿ ಒಂದು ರಾತ್ರಿ. ಕರ್ಣನಿಗೆ ಇರುವುದೇ ಒಂದು.

ಈ ವಿಷಯವನ್ನು ಕುರಿತು ಬರೆಯಬೇಕೆಂಬ ಮನಸ್ಸಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಾತಿನಿಂದ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಹುಡುಗ. ಕಾಲೇಜಿನ ನಾಟಕಗಳಲ್ಲಿ ಪಳಗಿ, ಈಗ ಬೆಂಗಳೂರಿನಲ್ಲಿ ದೂರದರ್ಶನ ವಾಹಿನಿಯೊಂದರ ದೈನಿಕ ಧಾರಾವಾಹಿಗೆ ಸಹಾಯಕ ನಿರ್ದೇಶಕನಾಗಿದ್ದಾನೆ. "ಸಾರ್, ನಿರ್ದೇಶಕರ ಕರೆ, ವಾಹಿನಿಯವರ ಕರೆ, ಮನೆಯ ಕರೆ ಮೂರೂ ಒಂದೇ ಗಳಿಗೆಯಲ್ಲಿ ಬರುತ್ತವೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು?" ಎಂದು ಕೇಳಿದ. ಕೇಳುವಾಗ ನಕ್ಕನಾದರೂ ನಗೆಯಲ್ಲಿ ದಣಿವಿತ್ತು. ಅವನ ತಂದೆ ಆ ವರ್ಷ ಊರಿನ ನಾಟಕದಲ್ಲಿ ಧರ್ಮರಾಯನ ಪಾತ್ರ ವಹಿಸಿದ್ದರು. ಅರವತ್ತು ದಾಟಿದವರು, ಮುಂದಿನ ವರ್ಷ ಕಂಠ ಹೇಗಿರುತ್ತದೆಯೋ ಯಾರು ಬಲ್ಲರು? ಮಗ ಬಂದು ನೋಡಬೇಕೆಂಬುದು ಅವರ ಆಸೆ. ಮಗನ ಕಡೆಯಲ್ಲಾದರೋ ಕಂತುಗಳ ಉಗ್ರಾಣ ಬರಿದಾಗಿತ್ತು.

ಈ ಉಗ್ರಾಣದ ಮಾತು ವಿವರಣೆಯನ್ನು ಬೇಡುತ್ತದೆ. ದೈನಿಕ ಧಾರಾವಾಹಿ ವಾರಕ್ಕೆ ಐದೋ ಆರೋ ದಿನ ಪ್ರಸಾರವಾಗುತ್ತದೆ. ಚಿತ್ರೀಕರಣ ಮುಗಿದು, ಸಂಕಲನ ಮುಗಿದು, ಪ್ರಸಾರಕ್ಕೆ ಸಿದ್ಧವಾಗಿ ಕುಳಿತ ಕಂತುಗಳ ಸಂಗ್ರಹವನ್ನು ಆ ವೃತ್ತಿಯವರು 'ಬ್ಯಾಂಕ್' ಎಂದು ಕರೆಯುತ್ತಾರೆ. ಬ್ಯಾಂಕಿನಲ್ಲಿ ಹತ್ತು ಕಂತುಗಳಿದ್ದರೆ ಉಸಿರಾಡಬಹುದು. ನಟಿಯೊಬ್ಬಳಿಗೆ ಕಾಯಿಲೆಯಾಯಿತು, ಮಳೆ ಹಿಡಿಯಿತು, ಕಥೆ ತಿರುಗಿತು ಎಂದರೆ ಉಳಿತಾಯ ಕರಗುತ್ತಾ ಬಂದು, ಬೆಳಗ್ಗೆ ಚಿತ್ರಿಸಿದ್ದನ್ನು ಸಂಜೆ ಪ್ರಸಾರಮಾಡಬೇಕಾದ ಸ್ಥಿತಿ ಬಂದೊದಗುತ್ತದೆ. ಕೈಯಿಂದ ಬಾಯಿಗೆ ಬದುಕುವ ಸಂಸಾರಕ್ಕೂ ಇದಕ್ಕೂ ಅಂತರವಿಲ್ಲ. ಅಂಥ ವೇಳೆಯಲ್ಲಿ ಸಹಾಯಕ ನಿರ್ದೇಶಕನ ತಲೆಯ ಮೇಲೆ ಎಲ್ಲವೂ ಬೀಳುತ್ತವೆ. ನಿನ್ನೆಯ ದೃಶ್ಯದಲ್ಲಿ ನಾಯಕಿ ಯಾವ ಬಳೆ ತೊಟ್ಟಿದ್ದಳು, ಗೋಡೆಯ ಗಡಿಯಾರ ಎಷ್ಟು ಹೊತ್ತು ತೋರಿಸುತ್ತಿತ್ತು ಎಂಬುದರಿಂದ ಹಿಡಿದು, ನಾಳೆ ಯಾವ ನಟ ಬೇರೆ ಕಡೆ ಒಪ್ಪಿಕೊಂಡಿದ್ದಾನೆ ಎಂಬುದರವರೆಗೆ ಲೆಕ್ಕ ಅವನದು.

ಇದನ್ನೆಲ್ಲ ಕೇಳಿದ ಮೇಲೆ ವೇಗವೇ ಈ ವೃತ್ತಿಯ ಶತ್ರುವೆಂದು ತೀರ್ಮಾನಿಸುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ೧೯೮೧ರ ಫೆಬ್ರವರಿ ೮ರಂದು ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ಉಪೇಂದ್ರಕುಮಾರ್ ಅವರಿಗಾಗಿ ಬೆಳಗಿನ ೯ ಗಂಟೆಯಿಂದ ರಾತ್ರಿ ೯ ಗಂಟೆಯೊಳಗೆ ೨೧ ಕನ್ನಡ ಹಾಡುಗಳನ್ನು ಹಾಡಿ ಧ್ವನಿಮುದ್ರಿಸಿದ ಸಂಗತಿ ಪ್ರಸಿದ್ಧವಾಗಿದೆ. ಗಂಟೆಗೆ ಸುಮಾರು ಎರಡು ಹಾಡು. ಪ್ರತಿಯೊಂದರ ಭಾವ ಬೇರೆ, ಮಟ್ಟು ಬೇರೆ. ಇದಕ್ಕಿಂತ ವೇಗವಾದ ದುಡಿಮೆಯನ್ನು ಊಹಿಸುವುದೂ ಕಷ್ಟ. ಆದರೆ ಒಂದು ಅಂಶವನ್ನು ಗಮನಿಸಬೇಕು. ಆ ಇಡೀ ದಿನ ಅವರು ಹಾಡಿದ್ದು ಒಬ್ಬನೇ ಸಂಗೀತ ನಿರ್ದೇಶಕರಿಗೆ. ಹಾಡು ಇಪ್ಪತ್ತೊಂದಾದರೂ ವೀಳ್ಯ ಒಂದೇ. ಮೈ ದಣಿದಿರಬಹುದು, ಕಂಠ ದಣಿದಿರಬಹುದು. ಮನಸ್ಸು ಹೋಳಾಗಬೇಕಾದ ಕಾರಣವಿರಲಿಲ್ಲ. ಅದೇ ದಿನ ಮೂರು ಊರುಗಳಲ್ಲಿ ಮೂವರಿಗೆ ಒಂದೊಂದು ಹಾಡು ಹಾಡಬೇಕಾಗಿದ್ದರೆ, ಮೂರೇ ಹಾಡುಗಳಿಗೆ ಮನುಷ್ಯ ಸೋತುಹೋಗುತ್ತಿದ್ದ. ದುಡಿಮೆಯ ಭಾರ ಬೇರೆ, ದುಡಿಮೆಯ ಸೀಳು ಬೇರೆ. ನಾವು ಸಾಮಾನ್ಯವಾಗಿ ಎರಡನ್ನೂ 'ಪುರಸೊತ್ತಿಲ್ಲ' ಎಂಬ ಒಂದೇ ಮಾತಿನಲ್ಲಿ ಹೇಳಿ, ಯಾವುದರಿಂದ ಬಳಲಿದ್ದೇವೆಂಬುದನ್ನು ನಮಗೆ ನಾವೇ ಮರೆಮಾಡಿಕೊಳ್ಳುತ್ತೇವೆ.

ಹಿಂದಿನ ಕಾಲದ ವೃತ್ತಿರಂಗಭೂಮಿಯ ಕಂಪನಿಗಳು ಈ ಸೀಳನ್ನು ತಡೆಯುವ ಒಂದು ಉಪಾಯವನ್ನು ಕಂಡುಕೊಂಡಿದ್ದುವು. ೧೮೮೪ರಲ್ಲಿ ಆರಂಭವಾದ ಗುಬ್ಬಿ ಕಂಪನಿಯನ್ನು ನೋಡಿ. ಊರಿಂದೂರಿಗೆ ಬಿಡಾರ ಕಟ್ಟಿಕೊಂಡು ಹೋಗುವ ಆ ದೊಡ್ಡ ಸಂಸಾರದಲ್ಲಿ ನಟ, ವಾದ್ಯಗಾರ, ಪರದೆ ಎಳೆಯುವವನು, ಅಡುಗೆಯವನು ಎಲ್ಲರೂ ಒಂದೇ ಸೂರಿನ ಕೆಳಗೆ ಉಂಡು ಮಲಗುತ್ತಿದ್ದರು. ನಟನು ಒಬ್ಬ ಯಜಮಾನನ ವೀಳ್ಯ ಹಿಡಿದರೆ ಸಾಕಾಗಿತ್ತು. ಕಷ್ಟವೆಲ್ಲ ಯಜಮಾನನದು. ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯನಟರು, ಕಂಪನಿಯ ಒಡೆಯರು, ಮುಂದೆ ಚಲನಚಿತ್ರ ನಿರ್ಮಾಪಕರು. ೧೯೩೪ರಲ್ಲಿ ಅವರು ಕುರುಕ್ಷೇತ್ರ ನಾಟಕವನ್ನು ರಂಗಕ್ಕೆ ತಂದಾಗ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬಂದುವು. ನಗಿಸಬೇಕಾದ ನಟನ ತಲೆಯೊಳಗೆ ಆ ಹೊತ್ತಿಗೆ ಆನೆಯ ಮೇವಿನ ಲೆಕ್ಕ ಓಡುತ್ತಿದ್ದರೆ ಆಶ್ಚರ್ಯವೇನು? ಅಷ್ಟನ್ನೂ ಹೊತ್ತು ನಡೆದ ವೀರಣ್ಣನವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂಬ ಹೆಸರನ್ನಿಟ್ಟರು. ಹಲವು ಹೊಣೆಗಳನ್ನು ಒಂದೇ ಕಾಯಕದ ರೆಂಬೆಗಳೆಂದು ಕಾಣಬಲ್ಲವನಿಗೆ ಅವು ಒಂದರೊಡನೊಂದು ಜಗಳವಾಡುವುದು ಕಡಮೆ ಎಂದು ಆ ಹೆಸರಿನಿಂದ ನಾನು ಗ್ರಹಿಸಿದ್ದೇನೆ.

ಕಂಪನಿಯ ಕಾಲ ಹೋಗಿ ಚಲನಚಿತ್ರದ ಕಾಲ ಬಂದಾಗ ಕಲಾವಿದನು ಯಜಮಾನನ ಸೂರಿನಿಂದ ಹೊರಬಿದ್ದ. ಅವನ ದಿನ ಕಾಲ್‌ಷೀಟುಗಳಾಗಿ ತುಂಡಾಯಿತು. ಬೆಳಗಿನ ತುಂಡು ಒಬ್ಬ ನಿರ್ಮಾಪಕನಿಗೆ, ಮಧ್ಯಾಹ್ನದ್ದು ಇನ್ನೊಬ್ಬನಿಗೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರು ನಾಯಕರಾಗಿ ನಟಿಸಿದ ಮೊದಲನೆಯ ಚಿತ್ರ 'ಬೇಡರ ಕಣ್ಣಪ್ಪ' ಬಿಡುಗಡೆಯಾದದ್ದು ೧೯೫೪ರಲ್ಲಿ. ನೂರನೆಯ ಚಿತ್ರ 'ಭಾಗ್ಯದ ಬಾಗಿಲು' ೧೯೬೮ರಲ್ಲಿ. ಹದಿನಾಲ್ಕು ವರ್ಷಗಳಲ್ಲಿ ನೂರು ಚಿತ್ರಗಳೆಂದರೆ ವರ್ಷಕ್ಕೆ ಏಳಕ್ಕಿಂತಲೂ ಹೆಚ್ಚು. ಇನ್ನೂರನೆಯ ಚಿತ್ರ 'ದೇವತಾ ಮನುಷ್ಯ' ಬಂದದ್ದು ೧೯೮೮ರಲ್ಲಿ. ಎರಡನೆಯ ನೂರಕ್ಕೆ ಇಪ್ಪತ್ತು ವರ್ಷ ಹಿಡಿಯಿತು, ವರ್ಷಕ್ಕೆ ಐದರಂತೆ. ಚಿತ್ರೋದ್ಯಮದ ರೀತಿನೀತಿಗಳು ಬದಲಾದದ್ದು ಸೇರಿ ಇದಕ್ಕೆ ಹಲವು ಕಾರಣಗಳಿರಬಹುದು. ಆದರೂ ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವೇಗ ತಗ್ಗಿದ ಮಾತ್ರಕ್ಕೆ ಕಲಾವಿದನನ್ನು ಜನ ಮರೆಯುವುದಿಲ್ಲವೆಂಬ ಧೈರ್ಯವಾದರೂ ಬರುತ್ತದೆ. ಓಟ ನಿಲ್ಲಿಸಿದರೆ ಹಿಂದೆ ಬೀಳುತ್ತೇನೆಂಬ ಭಯದಿಂದಲೇ ಎಷ್ಟೋ ಮಂದಿ ತರುಣರು ಬಂದ ತಟ್ಟೆಗಳನ್ನೆಲ್ಲ ಹಿಡಿಯುತ್ತಿದ್ದಾರೆ. ಅಂಥವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಕಿರುತೆರೆಯಲ್ಲೂ ಹಿರಿಯರು ಒಂದು ದಾರಿ ತೋರಿಸಿಕೊಟ್ಟಿದ್ದಾರೆ. ೧೯೯೮ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಮೂಡಿಬಂದ 'ಮಾಯಾಮೃಗ' ದೈನಿಕ ಧಾರಾವಾಹಿಯ ನಿರ್ದೇಶನದ ಹೊಣೆಯನ್ನು ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರು ಹಂಚಿಕೊಂಡಿದ್ದರು. ಪ್ರತಿದಿನವೂ ಜನರ ಮನೆಗೆ ಹೋಗಬೇಕಾದ ಕಥೆಯನ್ನು ಒಂದೇ ಹೆಗಲು ಹೊರಲಾರದೆಂಬ ವಿವೇಕ ಆ ಏರ್ಪಾಟಿನಲ್ಲಿದೆ. ಹೆಗಲು ಕೊಡುವವರು ಇನ್ನಿಬ್ಬರು ಇದ್ದಾಗ ಒಬ್ಬನು ಮನೆಗೆ ಹೋಗಿ ಬರಬಹುದು. ಒಬ್ಬನೇ ಎಲ್ಲವನ್ನೂ ಮಾಡಬಲ್ಲೆನೆಂಬ ಹೆಮ್ಮೆ ಮೊದಲಿಗೆ ಇಂಪಾಗಿರುತ್ತದೆ. ಆಮೇಲೆ ಅದೇ ಕಾಲಿನ ಸಂಕೋಲೆಯಾಗುತ್ತದೆ.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು? ಉತ್ತರ ಅವನ ಮನೆಯಲ್ಲಿಯೇ ಇತ್ತು. ಹುಳುಮನೆಯ ತಟ್ಟೆಗಳಲ್ಲಿ ಇತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಮ್ಮ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿಗೆ ಗೂಡು ಹೊತ್ತು ತರುವ ಪ್ರತಿಯೊಂದು ಮನೆಯ ಹೆಂಗಸರೂ ಮಕ್ಕಳೂ ಸಮಯಶಾಸ್ತ್ರದಲ್ಲಿ ಪಂಡಿತರು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಅದನ್ನು 'ಜ್ವರ'ವೆಂದು ಕರೆಯುತ್ತಾರೆ. ಒಂದನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಕೆ. ಜ್ವರಕ್ಕೆ ಕೂತ ಹುಳು ಸೊಪ್ಪು ತಿನ್ನುವುದಿಲ್ಲ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಹುಳುವನ್ನು ಕದಲಿಸಬಾರದು. ಮನೆಯವರಿಗೆ ಅದು ಬಿಡುವು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹುಳುವಿಗೆ ಅಗಾಧವಾದ ಹಸಿವು. ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕೊನೆಯ ಆ ಒಂದು ಹಂತದಲ್ಲಿಯೇ ತಿನ್ನುತ್ತದೆ. ಆಗ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕೊನೆಗೆ ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಯ್ದು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ಅದು ಸಿಕ್ಕಸಿಕ್ಕಲ್ಲಿ ನೂಲನ್ನು ಸುರಿದು ಹಾಳುಮಾಡುತ್ತದೆ. ತಿಂಗಳ ದುಡಿಮೆ ಒಂದು ರಾತ್ರಿಯ ಅಲಕ್ಷ್ಯದಿಂದ ಹೋಗುತ್ತದೆ.

ಈ ಮನೆಗಳಿಂದಲೇ ನಟರನ್ನು ಆಯ್ದುಕೊಂಡು ನಾಟಕ ಕಲಿಸುವ ಜಾಣ ಮೇಷ್ಟ್ರು ತಾಲೀಮಿನ ದಿನಗಳನ್ನು ಗೊತ್ತುಮಾಡುವ ಮುನ್ನ ಕೇಳುವ ಮೊದಲನೆಯ ಪ್ರಶ್ನೆ ರಾಗದ್ದಲ್ಲ, ತಾಳದ್ದಲ್ಲ. "ನಿಮ್ಮ ಮನೆಯಲ್ಲಿ ಹುಳು ಎಷ್ಟನೆಯ ಜ್ವರದಲ್ಲಿದೆ?" ಎಂಬುದು. ಮರಿಹುಳು ಮನೆಗೆ ಬಂದ ದಿನದಿಂದ ಎಣಿಸಿದರೆ ಹಣ್ಣಾಗುವ ರಾತ್ರಿ ಯಾವುದೆಂದು ಸುಮಾರಾಗಿ ತಿಳಿಯುತ್ತದೆ. ಆ ಎರಡು ಮೂರು ರಾತ್ರಿ ಭೀಮನೂ ಬರಲಾರ, ದುಶ್ಶಾಸನನೂ ಬರಲಾರ. ಅವರನ್ನು ಬೈದು ಪ್ರಯೋಜನವಿಲ್ಲ. ಹುಳು ಜ್ವರಕ್ಕೆ ಕೂತ ರಾತ್ರಿಗಳಲ್ಲಿ ಅವರನ್ನು ಕರೆದು ಎರಡು ಪಟ್ಟು ತಾಲೀಮು ಮಾಡಿಸಿದರೆ ಕೆಲಸ ಸಾಗುತ್ತದೆ.

ಈ ಒಂದು ಪ್ರಶ್ನೆಯಲ್ಲಿ ನಮಗೆ ಬೇಕಾದ ವಿವೇಕವೆಲ್ಲ ಅಡಗಿದೆ. ನಮ್ಮ ಮುಂದೆ ಬರುವ ಕೆಲಸಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯವು ತಮ್ಮ ಹೊತ್ತನ್ನು ತಾವೇ ಹೊತ್ತು ತಂದಂಥವು. ಹಣ್ಣಾದ ಹುಳು, ಜಾತ್ರೆಯ ರಾತ್ರಿ, ಮನೆಯಲ್ಲಿ ಹೆರಿಗೆ, ವೃದ್ಧ ತಂದೆಯ ಕೊನೆಯದಾಗಬಹುದಾದ ಪಾತ್ರ. ಇವು ನಮಗಾಗಿ ಕಾಯುವುದಿಲ್ಲ. ಎರಡನೆಯವು ಕಾಯಬಲ್ಲವು, ಆದರೆ ಬಿಟ್ಟರೆ ಕೆಡುತ್ತವೆ: ತಾಲೀಮು, ಓದು, ಕಂಠಸಾಧನೆ, ನಾಳೆಯ ಕಂತಿನ ಬರವಣಿಗೆ. ಇವನ್ನು ಹಿಂದಕ್ಕೂ ಮುಂದಕ್ಕೂ ಸರಿಸಬಹುದು. ಮೂರನೆಯವು ಗದ್ದಲ ಹೆಚ್ಚು, ಸತ್ತ್ವ ಕಡಮೆ: ಶಾಲು ಹೊದಿಸುವ ಸಮಾರಂಭ, ಯಾರದೋ ಮುಖ ನೋಡಿ ಒಪ್ಪಿಕೊಂಡ ಭಾಷಣ, ಕೈಯೊಳಗಿನ ಮೊಬೈಲಿನಲ್ಲಿ ಮಿನುಗುವ ಸಂದೇಶ. ಸೋಜಿಗವೆಂದರೆ ಮೂರನೆಯ ಬಗೆಯವೇ ಎಲ್ಲಕ್ಕಿಂತ ಗಟ್ಟಿಯಾಗಿ ಕೂಗುತ್ತವೆ. ಹಣ್ಣಾದ ಹುಳು ಕೂಗುವುದಿಲ್ಲ. ಅದರ ಮೈ ಹಳದಿಗೆ ತಿರುಗಿದ್ದನ್ನು ನಾವೇ ಬಗ್ಗಿ ನೋಡಿ ತಿಳಿಯಬೇಕು. ಕೂಗಿನ ಜೋರಿನಿಂದ ಕೆಲಸದ ತೂಕವನ್ನು ಅಳೆಯುವವನು ಬಾಳೆಲ್ಲ ಅವಸರದಲ್ಲಿದ್ದು ಮುಖ್ಯವಾದುದೆಲ್ಲಕ್ಕೂ ತಡವಾಗಿಯೇ ತಲುಪುತ್ತಾನೆ.

ನಾನು ವಿದ್ಯಾರ್ಥಿಗೆ ಹೇಳಿದ್ದು ಇಷ್ಟೇ. ಜಾತ್ರೆಯ ದಿನ ಪಂಚಾಂಗದಲ್ಲಿ ವರ್ಷಕ್ಕೆ ಮೊದಲೇ ಅಚ್ಚಾಗಿರುತ್ತದೆ. ಅದನ್ನು ಹಿಂದಿನ ದಿನ ನಿರ್ದೇಶಕರಿಗೆ ತಿಳಿಸಿದರೆ ಅದು ಅಪರಾಧವಾಗಿ ತೋರುತ್ತದೆ. ತಿಂಗಳಿಗೆ ಮೊದಲು ತಿಳಿಸಿದರೆ ಬರಿಯ ಏರ್ಪಾಟಿನ ವಿಷಯ. ಅವನು ಹಾಗೆಯೇ ಮಾಡಿದ. ಆ ತಂಡದಲ್ಲಿ ಇನ್ನೊಬ್ಬ ಸಹಾಯಕಿಯಿದ್ದಳು. ಅವನ ಎರಡು ದಿನದ ಹೊರೆಯನ್ನು ಅವಳು ಹೊತ್ತಳು. ದೀಪಾವಳಿಯಲ್ಲಿ ಅವಳ ಎರಡು ದಿನವನ್ನು ಅವನು ಹೊತ್ತ. ಬಳೆಗಳ ಲೆಕ್ಕ, ಗಡಿಯಾರದ ಲೆಕ್ಕಗಳನ್ನೆಲ್ಲ ಅವಳಿಗೆ ತಿಳಿಯುವಂತೆ ಒಂದು ಪುಸ್ತಕದಲ್ಲಿ ಬರೆದಿಟ್ಟು ಊರಿಗೆ ಹೋದನಂತೆ. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡವನಿಗೆ ರಜೆಯಿಲ್ಲ, ಬರೆದಿಟ್ಟವನಿಗೆ ಉಂಟು. ಧಾರಾವಾಹಿ ನಿಲ್ಲಲಿಲ್ಲ. ಧರ್ಮರಾಯನು ಮಗನ ಎದುರಿನಲ್ಲಿ ಪಗಡೆಯಾಡಿ ರಾಜ್ಯ ಸೋತನು.

ಇಂಥ ಏರ್ಪಾಟು ದೊಡ್ಡ ಪ್ರಮಾಣದಲ್ಲಿ ಹೇಗೆ ನಡೆಯಬಹುದೆಂಬುದಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರ ಒಂದು ನಿದರ್ಶನ. ಗುರುಪೂರ್ಣಿಮೆಯ ಸಂದರ್ಭದಲ್ಲಿ ಅಲ್ಲಿಯ ಯೋಗಿನಾರೇಯಣ ತಾತಯ್ಯನವರ ಸನ್ನಿಧಿಯಲ್ಲಿ ನಡೆಯುವ ಸಂಗೀತೋತ್ಸವ ಮೂರು ಹಗಲು ಮೂರು ರಾತ್ರಿ, ೭೨ ಗಂಟೆಗಳ ಕಾಲ ಎಡೆಬಿಡದೆ ಸಾಗುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಯ ಭಜನೆಯ ಗುಂಪಿನವರೂ ತಮ್ಮ ಪಾಲಿನ ಹೊತ್ತನ್ನು ಹಾಡಿ ಇಳಿಯುತ್ತಾರೆ. ಸಂಗೀತಕ್ಕೆ ವಿರಾಮವಿಲ್ಲ, ಸಂಗೀತಗಾರನಿಗೆ ಉಂಟು. ಯಾರೊಬ್ಬನೂ ೭೨ ಗಂಟೆ ಹಾಡುವುದಿಲ್ಲವಾದ್ದರಿಂದಲೇ ೭೨ ಗಂಟೆಯ ಹಾಡು ಸಾಧ್ಯವಾಗುತ್ತದೆ. ದೈನಿಕ ಧಾರಾವಾಹಿಯನ್ನೋ ದೊಡ್ಡ ವಾದ್ಯಗೋಷ್ಠಿಯನ್ನೋ ನಡೆಸುವವರು ಗುರುಪೂರ್ಣಿಮೆಯ ರಾತ್ರಿ ಒಮ್ಮೆ ಕೈವಾರಕ್ಕೆ ಹೋಗಿ ಕುಳಿತು ನೋಡುವುದು ಒಳ್ಳೆಯದು.

ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು. "ಬೇಡವೆನ್ನುವ ಸ್ವಾತಂತ್ರ್ಯ ಹೊಟ್ಟೆ ತುಂಬಿದವನಿಗೆ ಮಾತ್ರ, ಇಲ್ಲದವನು ಬಂದ ವೀಳ್ಯವನ್ನೆಲ್ಲ ಹಿಡಿಯದೆ ಗತಿಯೇನು?" ಆಕ್ಷೇಪ ನ್ಯಾಯವಾದದ್ದು. ಹಾರ್ಮೋನಿಯಂ ಮೇಷ್ಟ್ರಿಗೆ ತಿಂಗಳ ಸಂಬಳವಿಲ್ಲ. ವೃದ್ಧಾಪ್ಯದಲ್ಲಿ ನೆಚ್ಚಬಹುದಾದ ಬಲವಾದ ಆಸರೆಯಿಲ್ಲ. ಹೀಗಾಗಿ ಹೊಣೆ ಕಲಾವಿದನದು ಮಾತ್ರವಲ್ಲ, ಕರೆಯುವವರದೂ ಹೌದು. ಅಕ್ಕಪಕ್ಕದ ಎರಡು ಊರಿನವರು ಕೂಡಿ ಮಾತನಾಡಿಕೊಂಡು, ಒಂದು ನಾಟಕವನ್ನು ಹಬ್ಬದ ರಾತ್ರಿಗೂ ಇನ್ನೊಂದನ್ನು ಎಂಟು ದಿನದ ಮೇಲಕ್ಕೂ ಇಟ್ಟುಕೊಂಡರೆ ಮೇಷ್ಟ್ರಿಗೆ ಎರಡು ಸಂಭಾವನೆ ದೊರೆಯುತ್ತದೆ, ಯಾರಿಗೂ ಮೋಸವಾಗುವುದಿಲ್ಲ. ಇನ್ನೊಂದು ಉಪಾಯವೂ ಉಂಟು, ಶಿಷ್ಯರನ್ನು ತಯಾರುಮಾಡುವುದು. ತಾನು ಹೋಗಲಾಗದ ಊರಿಗೆ ಧೈರ್ಯವಾಗಿ ಕಳುಹಿಸಬಲ್ಲ ಶಿಷ್ಯನೊಬ್ಬನಿದ್ದರೆ ಎರಡನೆಯ ತಟ್ಟೆ ಸಂಕಟವಾಗಿ ಬರುವುದಿಲ್ಲ, ಶಿಷ್ಯನ ಭಾಗ್ಯವಾಗಿ ಬರುತ್ತದೆ. ತನ್ನ ವಿದ್ಯೆಯನ್ನು ಬಚ್ಚಿಟ್ಟುಕೊಂಡವನು ಎಲ್ಲ ಊರಿಗೂ ತಾನೇ ಓಡಬೇಕಾಗುತ್ತದೆ.

ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆಯ ವಾದನಕ್ಕಾಗಿ ನಾಡೋಜ ಗೌರವವನ್ನೂ ೨೦೨೩ರಲ್ಲಿ ಪದ್ಮಶ್ರೀಯನ್ನೂ ಪಡೆದವರು. ಆ ವಾದ್ಯವನ್ನು ತಾವು ನುಡಿಸಿದ್ದಲ್ಲದೆ ಇತರರಿಗೆ ಕಲಿಸಿದ್ದೂ ಅವರ ಹಿರಿಮೆ. ಚರ್ಮದ ತಮಟೆಯನ್ನು ನುಡಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸಬೇಕೆಂಬುದು ಹಳ್ಳಿಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಒಣಹುಲ್ಲು ಕೂಡಿಸಿ ಉರಿ ಮಾಡಿ, ತಮಟೆಯನ್ನು ತಿರುಗಿಸುತ್ತಾ, ಬೆರಳಿನಿಂದ ಮೆಲ್ಲನೆ ಬಡಿದು ನಾದವನ್ನು ಪರೀಕ್ಷಿಸುತ್ತಾ ನಿಂತಿರುತ್ತಾರೆ. ಮೆರವಣಿಗೆಯ ಮುಂದಾಳುಗಳು ಆ ಹೊತ್ತಿಗೆ "ಬನ್ನಿ, ಬನ್ನಿ, ಹೊತ್ತಾಯಿತು!" ಎಂದು ಕೂಗುತ್ತಿರುತ್ತಾರೆ. ಅನುಭವಿಯಾದ ವಾದ್ಯಗಾರ ಆ ಕೂಗಿಗೆ ತಿರುಗಿಯೂ ನೋಡುವುದಿಲ್ಲ. ಕಾಯದ ತಮಟೆಯನ್ನು ಎಷ್ಟು ಜೋರಾಗಿ ಬಡಿದರೂ ಅದು ಮಂಕಾಗಿಯೇ ನುಡಿಯುತ್ತದೆಂಬುದನ್ನು ಅವನು ಬಲ್ಲ. ಕಾಯಿಸುವ ಆ ಕಾಲು ಗಂಟೆಯನ್ನು ಉಳಿಸಲು ಹೋದವನು ರಾತ್ರಿಯೆಲ್ಲ ಎರಡು ಪಟ್ಟು ಬಡಿಯಬೇಕಾಗುತ್ತದೆ. ಕೈ ನೋಯುತ್ತದೆ, ತೇರಿನ ಮುಂದೆ ಕುಣಿಯುವವರ ಹೆಜ್ಜೆಗೆ ಹುರುಪು ಬರುವುದಿಲ್ಲ.

ಪುರಸೊತ್ತಿಲ್ಲದ ವೃತ್ತಿಗಳಲ್ಲಿರುವ ತರುಣರು ತಮ್ಮ ದಿನದಿಂದ ಮೊದಲು ಕತ್ತರಿಸಿ ಹಾಕುವುದು ಈ ಕಾಲು ಗಂಟೆಯನ್ನೇ. ನಿದ್ದೆಯನ್ನು ಕತ್ತರಿಸುತ್ತಾರೆ, ಓದನ್ನು ಕತ್ತರಿಸುತ್ತಾರೆ, ಮನೆಯವರೊಡನೆ ಕುಳಿತು ಉಣ್ಣುವುದನ್ನು ಕತ್ತರಿಸುತ್ತಾರೆ. ಇವು ಯಾರ ವೀಳ್ಯವೂ ಅಲ್ಲವಾದ್ದರಿಂದ ಕೇಳುವವರಿಲ್ಲವೆಂದು ಅವರು ತಿಳಿಯುತ್ತಾರೆ. ಆದರೆ ಮುಂದೆ ಹಿಡಿಯಲಿರುವ ಎಲ್ಲ ವೀಳ್ಯಗಳನ್ನೂ ನಡೆಸಿಕೊಡಬೇಕಾದ ಶಕ್ತಿ ಇವುಗಳಿಂದಲೇ ಬರಬೇಕು. ಆದ್ದರಿಂದ ಜಾತ್ರೆಯ ಕಾಲ ಬಂದಾಗ, ತಟ್ಟೆಗಳು ಒಂದರ ಹಿಂದೊಂದು ಎದುರಿಗೆ ಬಂದಾಗ, ಒಂದನ್ನು ಹಿಡಿಯಿರಿ, ಎರಡನೆಯದಕ್ಕೆ ಕೈಮುಗಿದು ಬೇರೊಂದು ದಿನ ಹೇಳಿರಿ. ಹಾಗೆ ಹೇಳಿಸಿಕೊಂಡ ಊರಿನವರು ಆ ಗಳಿಗೆಯಲ್ಲಿ ಮುನಿಸಿಕೊಳ್ಳಬಹುದು. ಎಂಟು ದಿನ ಕಳೆದು ನೀವು ಅವರ ಊರಿಗೆ ಪೂರ್ಣ ಮನಸ್ಸಿನಿಂದ ಹೋಗಿ ಶ್ರುತಿ ಹಿಡಿದಾಗ, ಅವರ ಕರ್ಣನೂ ತನ್ನ ಮಕ್ಕಳ ಎದುರಿನಲ್ಲಿ ತಲೆಯೆತ್ತಿ ಹಾಡುತ್ತಾನೆ.